ಆಂಡೀಸ್ ಪರ್ವತದ ಅಡಿಗೆ ಲಂಡನ್ನಿಗೆ ಬಂದ ಬಗೆ

೨೦೧೨ನೆಯ ಇಸವಿಯಲ್ಲಿ ಲಂಡನ್ ನಗರದಲ್ಲಿ ಒಲಿಂಪಿಕ್ ಕ್ರೀಡೆಗಳು ನಡೆದುವು. ಅದೇ ವರ್ಷ ಆ ಮಹಾನಗರದ ನಡುಭಾಗದಲ್ಲಿ ದಕ್ಷಿಣ ಅಮೆರಿಕದ ಪೆರು ದೇಶದ ಅಡಿಗೆಯನ್ನು ಬಡಿಸುವ ಎರಡು ಭೋಜನಶಾಲೆಗಳು ಬಾಗಿಲು ತೆರೆದುವು. ಸೋಹೋ ಬಡಾವಣೆಯಲ್ಲಿ ತೆರೆದುದಕ್ಕೆ 'ಸೆವಿಚೆ' ಎಂದು ಹೆಸರು. ಅದರ ಸ್ಥಾಪಕರು ಮಾರ್ಟಿನ್ ಮೊರಾಲೆಸ್. ಫಿಟ್ಸ್‌ರೋವಿಯಾ ಬಡಾವಣೆಯಲ್ಲಿ ತೆರೆದುದಕ್ಕೆ ಪೆರುವಿನ ರಾಜಧಾನಿಯ ಹೆಸರನ್ನೇ ಇಟ್ಟು 'ಲೀಮಾ' ಎಂದು ಕರೆದರು. ಅದರ ಅಡಿಗೆಯನ್ನು ರೂಪಿಸಿದವರು ಆ ರಾಜಧಾನಿಯಲ್ಲೇ ೧೯೭೭ರಲ್ಲಿ ಹುಟ್ಟಿದ ವಿರ್ಹಿಲಿಯೊ ಮಾರ್ಟಿನೆಸ್. ಮರುವರ್ಷವೇ 'ಮಿಷೆಲಿನ್' ಮಾರ್ಗದರ್ಶಿ ಈ ಎರಡನೆಯ ಭೋಜನಶಾಲೆಗೆ ಒಂದು ತಾರೆಯನ್ನು ನೀಡಿತು. ಟೈರುಗಳನ್ನು ತಯಾರಿಸುವ ಕಂಪೆನಿಯೊಂದು ಪ್ರಕಟಿಸುವ ಪುಸ್ತಕ ಅದು. ಆದರೂ ಯೂರೋಪಿನ ಅಡಿಗೆಯವರಿಗೆ ಅದರ ತಾರೆಯೆಂದರೆ ನಮ್ಮ ವಿದ್ವಾಂಸರಿಗೆ ಅರಮನೆಯ ಶಾಲು ಇದ್ದಂತೆ.

ಹೋಟೆಲುಗಳ ಸುದ್ದಿಗೂ ವಿಜ್ಞಾನಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧ ಬಹಳ ಹತ್ತಿರದ್ದು. ಒಂದು ದೇಶದ ಅಡಿಗೆ ಇನ್ನೊಂದು ದೇಶಕ್ಕೆ ಹೋಗಬೇಕಾದರೆ ಅದನ್ನು ಮಾಡುವ ಕ್ರಮವೊಂದನ್ನು ಕಾಗದದ ಮೇಲೆ ಬರೆದು ಕಳುಹಿಸಿದರೆ ಸಾಲದು. ಅಲ್ಲಿನ ಗಾಳಿಯ ಒತ್ತಡ, ಅಲ್ಲಿನ ಕಡಲಿನ ತಣ್ಪು, ಅಲ್ಲಿನ ಗೆಡ್ಡೆಯೊಳಗಿನ ವಿಷ, ಆ ವಿಷವನ್ನು ತೆಗೆಯುವ ಜಾಣತನ, ಇವೆಲ್ಲವೂ ಆ ಅಡಿಗೆಯ ಭಾಗಗಳೇ. ಇವುಗಳಲ್ಲಿ ಯಾವುದು ಹಡಗಿನಲ್ಲಿ ಬಂದೀತು, ಯಾವುದು ಬಾರದು ಎಂಬುದನ್ನು ಸ್ವಲ್ಪ ವಿಚಾರಿಸೋಣ.

ಮಾರ್ಟಿನೆಸ್ ಮೊದಲು ಕಾನೂನನ್ನು ಓದಲು ತೊಡಗಿದವರು. ಅದನ್ನು ನಡುವೆಯೇ ಬಿಟ್ಟು ಕೆನಡದ ಒಟ್ಟಾವದಲ್ಲಿಯೂ ಲಂಡನ್ನಿನಲ್ಲಿಯೂ ಫ್ರೆಂಚ್ ಪಾಕಶಾಸ್ತ್ರವನ್ನು ಕಲಿತರು. ನ್ಯೂಯಾರ್ಕಿನಲ್ಲಿಯೂ ಸ್ಪೇನಿನಲ್ಲಿಯೂ ದುಡಿದರು. ಹೀಗೆ ಪರದೇಶಗಳಲ್ಲಿ ಅಲೆದು ಊರಿಗೆ ಮರಳಿದ ಮೇಲೆ ಲೀಮಾದಲ್ಲಿ 'ಸೆಂಟ್ರಾಲ್' ಎಂಬ ಭೋಜನಶಾಲೆಯನ್ನು ತೆರೆದರು. ಅವರ ಪತ್ನಿ ಪಿಯಾ ಲೆಯೋನ್ ಅಲ್ಲಿಯ ಅಡಿಗೆಮನೆಯ ಮುಖ್ಯಸ್ಥರಾಗಿ ಹೆಸರಾದವರು. ೨೦೧೮ರಲ್ಲಿ ತಮ್ಮದೇ ಆದ ಭೋಜನಶಾಲೆಯನ್ನೂ ತೆರೆದರು. ಸೋದರಿ ಮಲೇನಾ ಮಾರ್ಟಿನೆಸ್ 'ಮಾತೆರ್' ಎಂಬ ಸಂಶೋಧನ ಕೇಂದ್ರವನ್ನು ನಡೆಸುತ್ತಾರೆ. ಗಿಡಗಳನ್ನು ಹುಡುಕುವುದು, ಅವುಗಳ ಹೆಸರನ್ನೂ ಉಪಯೋಗವನ್ನೂ ಹಳ್ಳಿಗರಿಂದ ತಿಳಿದು ಬರೆದಿಡುವುದು ಅದರ ಕೆಲಸ. ಅಡಿಗೆಮನೆಗೆ ಸಸ್ಯವಿಜ್ಞಾನದ ಶಾಖೆಯೊಂದು ಅಂಟಿಕೊಂಡಿರುವುದು ಅಪರೂಪವೇ ಸರಿ.

ಇಲ್ಲಿ ಒಂದು ಮಾತನ್ನು ಮರೆಯಬಾರದು. ಪೆರುವಿನ ಅಡಿಗೆ ಲಂಡನ್ನಿಗೆ ಹೋಗುವ ಮೊದಲು ಪೆರುವಿನ ರಾಜಧಾನಿಗೇ ಹೋಗಬೇಕಾಗಿತ್ತು! ಸ್ಪೇನಿನವರ ಆಳ್ವಿಕೆಯ ಕಾಲದಿಂದ ಲೀಮಾದ ಸಿರಿವಂತರು ಯೂರೋಪಿನ ಊಟವನ್ನೇ ಊಟವೆಂದು ತಿಳಿದಿದ್ದರು. ಬೆಟ್ಟದ ಮೇಲಿನ ಇಂಡಿಯನರು ತಿನ್ನುವ ಕೀನ್ವಾ ಕಾಳು, ಒಣಗಿಸಿದ ಕರಿಯ ಆಲೂಗೆಡ್ಡೆ ಇವೆಲ್ಲ ಬಡವರ ಪಾಡು, ನಾಗರಿಕರ ಪಂಕ್ತಿಗೆ ಸಲ್ಲದವು ಎಂಬ ಭಾವನೆ ಇತ್ತು. ೧೯೯೪ರಲ್ಲಿ ಗಸ್ಟೋನ್ ಅಕೂರಿಯೋ ಎಂಬವರು ಪತ್ನಿ ಆಸ್ಟ್ರಿಡ್ ಅವರೊಡನೆ ಲೀಮಾದಲ್ಲಿ ಭೋಜನಶಾಲೆ ತೆರೆದಾಗ ಅಲ್ಲಿ ಬಡಿಸುತ್ತಿದ್ದುದು ಫ್ರೆಂಚ್ ಅಡಿಗೆ. ವರ್ಷಗಳು ಕಳೆದಂತೆ ಅವರು ತಮ್ಮ ನೆಲದ ಪದಾರ್ಥಗಳ ಕಡೆಗೆ ತಿರುಗಿದರು. ಕಿರಿಯರು ಹಲವರು ಅವರನ್ನು ಹಿಂಬಾಲಿಸಿದರು. ಮಾರ್ಟಿನೆಸ್ ಸಹ ಅವರ ಬಳಿ ದುಡಿದವರೇ. ರಾಗಿಮುದ್ದೆಯನ್ನು ಹಳ್ಳಿಯಲ್ಲಿ ಉಂಡು ಬೆಳೆದು, ಪಟ್ಟಣಕ್ಕೆ ಬಂದ ಮೇಲೆ ಅದರ ಹೆಸರೆತ್ತಲು ಸಂಕೋಚಪಟ್ಟವರನ್ನು ಕಂಡಿರುವ ನಮಗೆ ಈ ಸಂಗತಿ ಹೊಸದೆನಿಸಲಾರದು.

ಸೆಂಟ್ರಾಲ್‌ನ ಊಟಕ್ಕೆ ಒಂದು ವಿಶೇಷವಿದೆ. ಸಾಮಾನ್ಯವಾಗಿ ಭೋಜನದ ಪಟ್ಟಿಯಲ್ಲಿ ಸಾರು ಮೊದಲು, ಸಿಹಿ ಕೊನೆಗೆ ಎಂಬ ಕ್ರಮವಿರುತ್ತದೆ. ಇಲ್ಲಿ ಪ್ರತಿಯೊಂದು ತಟ್ಟೆಯ ಎದುರಿಗೂ ಮೀಟರುಗಳ ಲೆಕ್ಕದಲ್ಲಿ ಎತ್ತರವನ್ನು ಬರೆದಿರುತ್ತಾರೆ. ಒಂದು ತಟ್ಟೆ ಕಡಲಿನ ಮಟ್ಟಕ್ಕಿಂತ ಕೆಳಗಿನದು, ಇನ್ನೊಂದು ನಾಲ್ಕು ಸಾವಿರ ಮೀಟರಿಗಿಂತ ಮೇಲಿನದು. ಒಂದು ತಟ್ಟೆಯಲ್ಲಿರುವ ಪದಾರ್ಥಗಳೆಲ್ಲ ಒಂದೇ ಎತ್ತರದಲ್ಲಿ ಕೂಡಿ ಬಾಳುವಂಥವು. ಇದನ್ನು ಬರಿಯ ಚಮತ್ಕಾರವೆಂದು ತಳ್ಳಿಹಾಕುವಂತಿಲ್ಲ. ಪೆರುವಿನ ಭೂಗೋಲವನ್ನು ಬಲ್ಲವರಿಗೆ ಅದಕ್ಕಿಂತ ಸಹಜವಾದ ಕ್ರಮ ಇನ್ನೊಂದು ತೋರದು.

ಆ ದೇಶವನ್ನು ಪಶ್ಚಿಮದಿಂದ ಪೂರ್ವಕ್ಕೆ ಕತ್ತಿಯಿಂದ ಸೀಳಿ ನೋಡಿದೆವೆಂದು ಭಾವಿಸೋಣ. ಮೊದಲು ಶಾಂತಸಾಗರ; ಅದರಲ್ಲಿ ದಕ್ಷಿಣದಿಂದ ಉತ್ತರಕ್ಕೆ ಹರಿಯುವ ತಣ್ಣನೆಯ ಹಂಬೋಲ್ಟ್ ಪ್ರವಾಹ. ಆಳದ ನೀರು ಅಲ್ಲಿ ಮೇಲಕ್ಕೆ ಬರುವುದರಿಂದ ಅದರೊಡನೆ ಲವಣಗಳೂ ಮೇಲೇರುತ್ತವೆ. ಅವನ್ನುಂಡು ಸೂಕ್ಷ್ಮ ಸಸ್ಯಗಳು, ಅವನ್ನುಂಡು ಮೀನುಗಳು ಲೆಕ್ಕವಿಲ್ಲದಷ್ಟು ಬೆಳೆಯುತ್ತವೆ. ಅದೇ ತಣ್ಣನೆಯ ಕಡಲಿನ ದೆಸೆಯಿಂದ ತೀರದಲ್ಲಿ ಮಳೆಯೇ ಇಲ್ಲ. ಲೀಮಾ ನಿಂತಿರುವುದು ಮರುಭೂಮಿಯ ಅಂಚಿನಲ್ಲಿ. ಅಲ್ಲಿಂದ ನೂರು ನೂರೈವತ್ತು ಕಿಲೋಮೀಟರು ಒಳನಾಡಿಗೆ ಸರಿಯುವಷ್ಟರಲ್ಲಿ ನೆಲ ನಾಲ್ಕು ಸಾವಿರ ಮೀಟರುಗಳನ್ನು ದಾಟಿ ಏರುತ್ತದೆ. ಆಚೆಯ ಮಗ್ಗುಲಲ್ಲಿ ಅಮೆಜಾನಿನ ದಟ್ಟ ಕಾಡಿಗೆ ಇಳಿಯುತ್ತದೆ. ಒಂದು ಸಾವಿರ ಮೀಟರು ಮೇಲೇರಿದರೆ ಗಾಳಿಯ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ಸೆಂಟಿಗ್ರೇಡಿನಷ್ಟು ಇಳಿಯುವುದರಿಂದ, ಒಂದೇ ಬೆಟ್ಟದ ಬುಡದಲ್ಲಿ ಕಬ್ಬು, ನಡುವೆ ಮೆಕ್ಕೆಜೋಳ, ಮೇಲೆ ಆಲೂಗೆಡ್ಡೆ, ಇನ್ನೂ ಮೇಲೆ ಲಾಮಾ ಮೇಯುವ ಹುಲ್ಲು ಇರಲು ಸಾಧ್ಯವಾಗಿದೆ.

ಜರ್ಮನಿಯ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ ೧೮೦೨ರಲ್ಲಿ ಈಕ್ವೆಡಾರಿನ ಚಿಂಬೊರಾಸೊ ಪರ್ವತವನ್ನು ಏರಿ, ಯಾವ ಎತ್ತರದಲ್ಲಿ ಯಾವ ಗಿಡ ಬೆಳೆಯುತ್ತದೆಂಬುದನ್ನು ಒಂದೇ ಚಿತ್ರದಲ್ಲಿ ಬರೆದು ತೋರಿಸಿದನು. ಪೆರುವಿನ ಭೂಗೋಲಜ್ಞ ಹಾವಿಯೆರ್ ಪುಲ್ಗಾರ್ ವಿದಾಲ್ ತನ್ನ ದೇಶವನ್ನು ಎತ್ತರಕ್ಕನುಗುಣವಾಗಿ ಎಂಟು ವಲಯಗಳಾಗಿ ವಿಂಗಡಿಸಿದನು. ಇಂಕಾ ಜನರ ಚರಿತ್ರೆಯನ್ನು ಶೋಧಿಸಿದ ಜಾನ್ ಮುರ್ರಾ ೧೯೭೨ರಲ್ಲಿ ಇನ್ನೊಂದು ಸಂಗತಿಯನ್ನು ಎತ್ತಿ ತೋರಿಸಿದನು: ಬೆಟ್ಟದ ಒಂದೊಂದು ಬಳಗವೂ ಬೇರೆಬೇರೆ ಎತ್ತರಗಳಲ್ಲಿ ತನ್ನ ಹೊಲಗಳನ್ನಿಟ್ಟುಕೊಂಡು, ಸಂತೆಯಿಲ್ಲದೆಯೇ ಎಲ್ಲ ಬಗೆಯ ಆಹಾರವನ್ನೂ ಪಡೆಯುತ್ತಿತ್ತು. ಅಡಿಗೆಯವನ ಪಟ್ಟಿಗೆ ಇಷ್ಟು ಹಿನ್ನೆಲೆಯುಂಟು.

ಎತ್ತರ ಬೆಳೆಯನ್ನು ಮಾತ್ರವಲ್ಲ, ಬೇಯುವುದನ್ನೂ ಆಳುತ್ತದೆ. ನೀರು ಕುದಿಯುವುದೆಂದರೆ ಅದರ ಆವಿಯ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕೆ ಸಮವಾಗುವುದು. ಗಾಳಿಯ ಒತ್ತಡ ಕಡಿಮೆಯಾದಷ್ಟೂ ನೀರು ಬೇಗ ಕುದಿಯುತ್ತದೆ. ಕಡಲ ಮಟ್ಟದಲ್ಲಿ ೧೦೦ ಡಿಗ್ರಿಗೆ ಕುದಿಯುವ ನೀರು ಬೆಂಗಳೂರಿನಲ್ಲಿ ಸುಮಾರು ೯೭ ಡಿಗ್ರಿಗೇ ಕುದಿಯುವುದು. ನಾಲ್ಕು ಸಾವಿರ ಮೀಟರು ಎತ್ತರದಲ್ಲಿ ಗಾಳಿಯ ಒತ್ತಡ ಕಡಲ ಮಟ್ಟದ ಶೇಕಡ ೬೦ರಷ್ಟು ಮಾತ್ರ. ಅಲ್ಲಿ ೮೭ ಡಿಗ್ರಿಗೇ ನೀರು ಕೊತಕೊತ ಕುದಿಯುತ್ತದೆ. ಎಷ್ಟು ಉರಿ ಹಾಕಿದರೂ ತೆರೆದ ಪಾತ್ರೆಯಲ್ಲಿ ಅದು ಅದಕ್ಕಿಂತ ಬಿಸಿಯಾಗದು. ಆದುದರಿಂದ ಗೆಡ್ಡೆಗಳು ಬೇಯುವುದಕ್ಕೆ ಬಹಳ ಹೊತ್ತು ಹಿಡಿಯುತ್ತದೆ. ಸೌದೆಯೂ ಆ ಬೋಳು ಬೆಟ್ಟಗಳಲ್ಲಿ ವಿರಳ. ಬೆಟ್ಟದ ಜನ ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ. ಹೊಲದ ಮಣ್ಣಿನ ಹೆಂಟೆಗಳನ್ನೇ ಗೂಡಿನಂತೆ ಪೇರಿಸಿ, ಒಳಗೆ ಬೆಂಕಿ ಮಾಡಿ, ಹೆಂಟೆಗಳು ಕಾದು ಕೆಂಪಾದ ಮೇಲೆ ಗೆಡ್ಡೆಗಳನ್ನು ಒಳಗೆ ಸುರಿದು ಗೂಡನ್ನು ಅವುಗಳ ಮೇಲೆಯೇ ಕೆಡವುತ್ತಾರೆ. ಒಣಶಾಖದಲ್ಲಿ ಸುಡುವಾಗ ನೀರಿನ ಕುದಿಯುವ ಬಿಂದು ಅಡ್ಡಿಯಾಗದು. ಇದಕ್ಕೆ 'ವಾತಿಯಾ' ಎಂದು ಹೆಸರು. ಲಂಡನ್ನಿನ ಅಡಿಗೆಮನೆಯಲ್ಲಿ ಈ ವಿಧಾನಕ್ಕೆ ಅವಶ್ಯಕತೆಯೂ ಇಲ್ಲ, ಹೆಂಟೆಗಳೂ ಇಲ್ಲ.

ಲಂಡನ್ನಿನವರು ಮೊದಲು ಮನಸೋತದ್ದು 'ಸೆವಿಚೆ'ಗೆ. ಹಸಿಯ ಮೀನಿನ ತುಂಡುಗಳಿಗೆ ಉಪ್ಪು, ಮೆಣಸಿನಕಾಯಿ, ಈರುಳ್ಳಿ ಬೆರೆಸಿ ನಿಂಬೆರಸವನ್ನು ಧಾರಾಳವಾಗಿ ಹಿಂಡಿದರೆ ಸೆವಿಚೆ ಸಿದ್ಧ. ಒಲೆಯ ಪ್ರಸಕ್ತಿಯೇ ಇಲ್ಲ. ಆದರೂ ಕೆಲವು ನಿಮಿಷಗಳಲ್ಲಿ ಗಾಜಿನಂತೆ ಹೊಳೆಯುತ್ತಿದ್ದ ಮೀನು ಬೆಂದ ಮೀನಿನಂತೆ ಬೆಳ್ಳಗಾಗಿ ಗಟ್ಟಿಯಾಗುವುದು. ಅದೇಕೆ ಹಾಗೆ? ಮೀನಿನ ಮಾಂಸದ ಪ್ರೋಟೀನು ಅಣುಗಳು ಉದ್ದನೆಯ ಸರಪಣಿಗಳು. ನೂಲಿನ ಉಂಡೆಗಳಂತೆ ಗೊತ್ತಾದ ರೀತಿಯಲ್ಲಿ ಸುತ್ತಿಕೊಂಡಿರುತ್ತವೆ. ಶಾಖ ತಗುಲಿದರೆ ಅಣುಗಳು ತೀವ್ರವಾಗಿ ಅಲುಗಾಡಿ ಉಂಡೆ ಬಿಚ್ಚಿಕೊಳ್ಳುತ್ತದೆ. ಆಮ್ಲ ತಗುಲಿದರೆ ಅಣುವಿನ ಮೇಲಿನ ವಿದ್ಯುದಂಶಗಳ ಹಂಚಿಕೆ ಬದಲಾಗಿ, ಹಿಡಿದಿಟ್ಟ ಕೊಂಡಿಗಳು ಕಳಚಿ ಆಗಲೂ ಉಂಡೆ ಬಿಚ್ಚಿಕೊಳ್ಳುತ್ತದೆ. ಬಿಚ್ಚಿಕೊಂಡ ಸರಪಣಿಗಳು ನೆರೆಯವುಗಳೊಡನೆ ತೊಡಕಿಕೊಂಡು ಬಲೆಯಾಗುತ್ತವೆ. ಆ ಬಲೆ ಬೆಳಕನ್ನು ಚದರಿಸುವುದರಿಂದ ಮಾಂಸ ಬೆಳ್ಳಗೆ ಕಾಣುತ್ತದೆ. ಹಾಲಿಗೆ ಹುಳಿ ಹಿಂಡಿದಾಗ ಒಡೆಯುವುದನ್ನು ಕಂಡ ವಾಚಕರಿಗೆ, ಮೀನು ತಿನ್ನದವರಿಗೂ ಸಹ, ಆಮ್ಲಕ್ಕೆ ಪ್ರೋಟೀನಿನ ಮೇಲಿರುವ ಅಧಿಕಾರ ಗೊತ್ತಿರತಕ್ಕದ್ದೇ.

ಆದರೆ ಬಿಳುಪಾದ ಮಾತ್ರಕ್ಕೆ ಬೆಂದಂತಾಗಲಿಲ್ಲ. ಶಾಖ ಕೊಲ್ಲುವ ಎಲ್ಲವನ್ನೂ ಆಮ್ಲ ಕೊಲ್ಲದು. ಕಡಲಮೀನುಗಳಲ್ಲಿ ವಾಸಿಸುವ ಅನಿಸಾಕಿಸ್ ಎಂಬ ಹುಳುವಿನ ಮರಿ ನಿಂಬೆರಸದಲ್ಲಿಯೂ ಜೀವ ಹಿಡಿದಿರಬಲ್ಲದು. ಆದಕಾರಣ ಹಸಿಯಾಗಿ ಬಡಿಸುವ ಕಡಲಮೀನನ್ನು ಶೂನ್ಯಕ್ಕಿಂತ ೨೦ ಡಿಗ್ರಿ ಕೆಳಗೆ ಕನಿಷ್ಠ ೨೪ ಗಂಟೆಗಳ ಕಾಲ ಹೆಪ್ಪುಗಟ್ಟಿಸಿಡಬೇಕೆಂದು ಯೂರೋಪಿನ ಕಾನೂನು ವಿಧಿಸಿತು. ಲೀಮಾದಲ್ಲಿ ಬೆಳಿಗ್ಗೆ ದೋಣಿಯಿಂದಿಳಿದ ಮೀನು ಮಧ್ಯಾಹ್ನದ ಊಟಕ್ಕೆ ಒದಗುತ್ತದೆ. ಕಡಲಿನಿಂದ ದೂರದ ನಗರದಲ್ಲಿ ಹಿಮಪೆಟ್ಟಿಗೆಯೇ ಆ ಕಡಲತೀರದ ಸ್ಥಾನವನ್ನು ತುಂಬಬೇಕು.

೧೯೯೧ರ ಜನವರಿಯಲ್ಲಿ ಪೆರುವಿನಲ್ಲಿ ಕಾಲರಾ ತಲೆದೋರಿದಾಗ ಈ ತಿಂಡಿಯ ಮೇಲೆ ದೊಡ್ಡ ಅಪವಾದ ಬಂದಿತ್ತು. ಆ ಒಂದು ವರ್ಷದಲ್ಲಿ ಅಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಮಂದಿ ಕಾಯಿಲೆ ಬಿದ್ದರು. ಸುಮಾರು ಮೂರು ಸಾವಿರ ಮಂದಿ ಸತ್ತರು. ಹಸಿ ಮೀನನ್ನು ತಿನ್ನಬಾರದೆಂದು ಸಾರಿದ್ದರಿಂದ ಬೆಸ್ತರ ಬದುಕು ಮೂರಾಬಟ್ಟೆಯಾಯಿತು. ಕಾಲರಾದ ಕ್ರಿಮಿ ಆಮ್ಲವನ್ನು ತಾಳಲಾರದು, ನಿಂಬೆರಸದಲ್ಲಿ ಬೇಗನೆ ಸಾಯುತ್ತದೆ ಎಂಬುದು ಪ್ರಯೋಗಗಳಿಂದ ತಿಳಿದಿದೆ. ರೋಗವನ್ನು ಊರೂರಿಗೆ ಹರಡಿದುದರಲ್ಲಿ ಕೊಳಚೆ ಸೇರಿದ ಕುಡಿಯುವ ನೀರಿನ ಪಾಲೇ ದೊಡ್ಡದು. ಹುಳು ಆಮ್ಲವನ್ನು ತಡೆಯುತ್ತದೆ, ಕಾಲರಾದ ಕ್ರಿಮಿ ತಡೆಯದು. ಎಲ್ಲ ಅಪಾಯಗಳಿಗೂ ಒಂದೇ ಉತ್ತರವಿಲ್ಲ.

ಇನ್ನೊಂದು ಸ್ವಾರಸ್ಯವನ್ನು ಇಲ್ಲಿಯೇ ಹೇಳಿಬಿಡುವುದು ಲೇಸು. ಪೆರುವಿನವರು ತಮ್ಮ ರಾಷ್ಟ್ರೀಯ ತಿನಿಸಿಗೆ ಹಿಂಡುವ ನಿಂಬೆ ಪೆರುವಿನದಲ್ಲ. ನಮ್ಮ ಮನೆಗಳ ತೆಳುಸಿಪ್ಪೆಯ ಸಣ್ಣ ನಿಂಬೆಯೇ ಅದು. ಏಷ್ಯದಲ್ಲಿ ಹುಟ್ಟಿ, ಅರಬರ ಕೈದಾಟಿ, ಸ್ಪೇನಿನವರ ಹಡಗುಗಳಲ್ಲಿ ಹದಿನಾರನೆಯ ಶತಮಾನದಲ್ಲಿ ಅಲ್ಲಿಗೆ ಹೋಯಿತು. ಅತ್ತಣಿಂದ ಇತ್ತ ಬಂದ ಮೆಣಸಿನಕಾಯಿ, ಆಲೂಗೆಡ್ಡೆ, ಟೊಮೇಟೊ, ಕಡಲೆಕಾಯಿ, ಗೇರುಬೀಜ ಇವುಗಳನ್ನು ನೆನೆದರೆ ನಾವು ಕೊಟ್ಟುದಕ್ಕಿಂತ ಪಡೆದುದೇ ಹೆಚ್ಚು. ಮೀನನ್ನು ಗಂಟೆಗಟ್ಟಲೆ ಹುಳಿಯಲ್ಲಿ ನೆನೆಸುವ ಹಳೆಯ ಪದ್ಧತಿ ಹೋಗಿ, ಕೆಲವೇ ನಿಮಿಷ ನೆನೆಸುವ ಪದ್ಧತಿ ಬಂದುದರಲ್ಲಿ ಜಪಾನೀಯರ ಕೈವಾಡವೂ ಇದೆ. ೧೮೯೯ರಲ್ಲಿ ಮೊದಲ ೭೯೦ ಜಪಾನೀ ಕೂಲಿಗಾರರು ಪೆರುವಿಗೆ ಬಂದಿಳಿದರು. ಅವರ ಸಂತತಿಯವರು ಮೀನಿನ ಅಡಿಗೆಯನ್ನು ಹೊಸದಾಗಿ ತಿದ್ದಿದರು.

ಮೆಣಸಿನಕಾಯಿಯ ವಿಷಯವನ್ನು ಎರಡು ಮಾತಿನಲ್ಲಿ ಮುಗಿಸೋಣ. ಪೆರುವಿನವರ ಮುಖ್ಯ ಮೆಣಸಿನಕಾಯಿ 'ಅಹೀ ಅಮರಿಯೋ' ಎಂಬ ಹಳದಿ ಕಾಯಿ. ಅದರ ಜಾತಿ ನಮ್ಮ ಬ್ಯಾಡಗಿಯ ಜಾತಿಗಿಂತ ಬೇರೆ. ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಮಾತ್ರ ಎರಡರಲ್ಲಿಯೂ ಒಂದೇ. ಶಾಖವನ್ನು ಅರಿಯುವ ನರದ ತುದಿಗೆ ಅದು ತಗುಲಿ, ಬಾಯಿ ಸುಡುತ್ತಿದೆಯೆಂಬ ಸುಳ್ಳು ಸುದ್ದಿಯನ್ನು ಮಿದುಳಿಗೆ ಮುಟ್ಟಿಸುತ್ತದೆ. ಈ ಗ್ರಾಹಕವನ್ನು ಪತ್ತೆಮಾಡಿದ ಡೇವಿಡ್ ಜೂಲಿಯಸ್‌ರಿಗೆ ೨೦೨೧ರಲ್ಲಿ ನೊಬೆಲ್ ಪಾರಿತೋಷಕದ ಪಾಲು ಸಂದಿತು. ಅರೆದ ಹಿಟ್ಟಿನ ರೂಪದಲ್ಲಿ ಶೀಷೆಗಳಲ್ಲಿ ಬರುವುದರಿಂದ ಲಂಡನ್ನಿನವರಿಗೆ ಈ ಕಾಯಿಯದೊಂದು ತೊಂದರೆಯಾಗಲಿಲ್ಲ.

ತೊಂದರೆಯಾದದ್ದು ಆಲೂಗೆಡ್ಡೆಯಲ್ಲಿ. ಯೂರೋಪಿನವರು ದಿನವೂ ತಿನ್ನುವ ಆಲೂಗೆಡ್ಡೆ ಆಂಡೀಸಿನಿಂದಲೇ ಬಂದುದಾದರೂ, ಆಂಡೀಸಿನ ಆಲೂಗೆಡ್ಡೆಯನ್ನು ಹಸಿಯಾಗಿ ಅಲ್ಲಿಗೆ ತರಲು ಅನುಮತಿಯಿಲ್ಲ. ಗೆಡ್ಡೆಯೊಡನೆ ರೋಗ ಬಂದೀತೆಂಬ ಭಯ. ಈ ಭಯ ನಿರಾಧಾರವಲ್ಲ. ೧೮೪೫ರಲ್ಲಿ ಅಂಗಮಾರಿ ರೋಗ ಐರ್ಲೆಂಡಿನ ಹೊಲಗಳಿಗೆ ಬಂತು. ಅಮೆರಿಕ ಖಂಡದಿಂದ ಬಂದ ರೋಗವದು. ನಾಲ್ಕೈದು ವರ್ಷಗಳ ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತು, ಅಷ್ಟೇ ಜನ ದೇಶ ಬಿಟ್ಟು ಹೋದರು. ರೋಗ ಅಷ್ಟು ಉಗ್ರವಾದುದೇಕೆ? ಆಲೂಗೆಡ್ಡೆಯನ್ನು ಬೀಜದಿಂದ ಬೆಳೆಸುವುದಿಲ್ಲ, ಗೆಡ್ಡೆಯ ತುಂಡಿನಿಂದ ಬೆಳೆಸುತ್ತಾರೆ. ಆದುದರಿಂದ ಒಂದು ತಳಿಯ ಗಿಡಗಳೆಲ್ಲ ಅಚ್ಚಿನಲ್ಲಿ ಹೊಯ್ದಂತೆ ಒಂದೇ ಸಮ. ಐರ್ಲೆಂಡಿನ ಬಡವರು ಹೆಚ್ಚಾಗಿ ನೆಚ್ಚಿದ್ದುದು ಒಂದೇ ತಳಿಯನ್ನು. ಅದರ ಒಂದು ಗಿಡವನ್ನು ಕೊಲ್ಲಬಲ್ಲ ರೋಗ ಎಲ್ಲವನ್ನೂ ಕೊಂದಿತು. ಹಾಸನ ಜಿಲ್ಲೆಯ ಆಲೂಗೆಡ್ಡೆ ಬೆಳೆಗಾರರಿಗೆ ಅಂಗಮಾರಿಯ ಪರಿಚಯವನ್ನು ನಾವು ಮಾಡಿಕೊಡಬೇಕಾಗಿಲ್ಲ.

ಆಂಡೀಸಿನ ರೈತನ ಹೊಲ ಹೀಗಿರುವುದಿಲ್ಲ. ಒಂದೇ ತುಂಡು ನೆಲದಲ್ಲಿ ಹತ್ತಿಪ್ಪತ್ತು ತಳಿಗಳನ್ನು ಬೆರೆಸಿ ನೆಡುತ್ತಾನೆ: ಕೆಂಪು, ನೇರಳೆ, ಕರಿ, ಕೋಡುಬಳೆಯಂತೆ ಸುತ್ತಿದ್ದು, ಬೆರಳಿನಂತೆ ನೀಳವಾದದ್ದು. ಮಂಜು ಬಿದ್ದರೆ ಕೆಲವು ಹೋದಾವು, ರೋಗ ಬಂದರೆ ಬೇರೆ ಕೆಲವು ಹೋದಾವು. ಎಲ್ಲವೂ ಒಂದೇ ಸಲ ಹೋಗವು. ಇಂಥ ನಾಡತಳಿಗಳು ನಾಲ್ಕು ಸಾವಿರಕ್ಕೂ ಹೆಚ್ಚೆಂದು ಲೆಕ್ಕ. ಲೀಮಾದಲ್ಲಿ ೧೯೭೧ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಆಲೂಗೆಡ್ಡೆ ಕೇಂದ್ರ ಇವುಗಳಲ್ಲಿ ಬಹು ಭಾಗವನ್ನು ಸಂಗ್ರಹಿಸಿ ಕಾಪಾಡಿದೆ. ಜಗತ್ತಿನ ಯಾವ ಮೂಲೆಯಲ್ಲಿ ಆಲೂಗೆಡ್ಡೆಗೆ ಹೊಸ ರೋಗ ಬಂದರೂ ಅದನ್ನು ತಡೆಯುವ ಗುಣವನ್ನು ಹುಡುಕುವವರು ಈ ತಳಿಗಳ ಕಡೆಗೂ ಇವುಗಳ ಕಾಡುಬಂಧುಗಳ ಕಡೆಗೂ ನೋಡುತ್ತಾರೆ.

ಅತಿ ಎತ್ತರದಲ್ಲಿ, ಮಂಜನ್ನು ಸಹಿಸಿ ಬೆಳೆಯುವ ತಳಿಗಳಿಗೆ ಒಂದು ದೋಷವಿದೆ: ಅವು ಕಹಿ. ಕಹಿಗೆ ಕಾರಣ ಸೊಲನೀನ್, ಚಾಕೊನೀನ್ ಎಂಬ ವಿಷಗಳು. ನೂರು ಗ್ರಾಂ ಗೆಡ್ಡೆಯಲ್ಲಿ ಇವು ೨೦ ಮಿಲಿಗ್ರಾಂ ಮೀರಿದರೆ ತಿನ್ನಲು ಯೋಗ್ಯವಲ್ಲವೆಂದು ಎಣಿಸುತ್ತಾರೆ. ಕುದಿಸಿದರೂ ಇವು ಅಳಿಯುವುದಿಲ್ಲ. ಬೆಳೆಯುವುದು ವಿಷದ ಗೆಡ್ಡೆ, ಬೇರೆ ಬೆಳೆ ಬಾರದ ನೆಲ, ಏನು ಮಾಡಬೇಕು? ಜೂನ್, ಜುಲೈ ತಿಂಗಳುಗಳು ಅಲ್ಲಿ ಚಳಿಗಾಲ. ಆ ಕಾಲದಲ್ಲಿ ಗೆಡ್ಡೆಗಳನ್ನು ರಾತ್ರಿ ಬಯಲಿನಲ್ಲಿ ಹರಡುತ್ತಾರೆ. ಕಡುಚಳಿಗೆ ಗೆಡ್ಡೆಯೊಳಗಿನ ನೀರು ಹೆಪ್ಪುಗಟ್ಟುತ್ತದೆ. ಹಿಮದ ಹರಳುಗಳು ಜೀವಕೋಶಗಳ ಗೋಡೆಗಳನ್ನು ಸೀಳುತ್ತವೆ. ಹಗಲು ಬಿಸಿಲಿಗೆ ಹಿಮ ಕರಗಿ, ಸೀಳಿದ ಕೋಶಗಳಿಂದ ನೀರು ಒಸರುತ್ತದೆ. ಹೀಗೆ ಕೆಲವು ರಾತ್ರಿ ಹಗಲು ಕಳೆದ ಮೇಲೆ ಮನೆಮಂದಿಯೆಲ್ಲ ಬರಿಗಾಲಿನಲ್ಲಿ ಗೆಡ್ಡೆಗಳನ್ನು ತುಳಿದು ನೀರನ್ನೂ ಸಿಪ್ಪೆಯನ್ನೂ ತೆಗೆಯುತ್ತಾರೆ. ಬಿಳಿಯ ಬಗೆ ಬೇಕಾದರೆ ವಾರಗಟ್ಟಲೆ ಹರಿಯುವ ತಣ್ಣೀರಿನಲ್ಲಿ ನೆನೆಹಾಕುತ್ತಾರೆ. ಒಡೆದ ಕೋಶಗಳಿಂದ ವಿಷ ಕರಗಿ ಹೊಳೆಗೆ ಹೋಗುತ್ತದೆ. ಕೊನೆಗೆ ಎತ್ತರದ ತೆಳುಗಾಳಿಯಲ್ಲಿ ಒಣಗಿಸುತ್ತಾರೆ. ಉಳಿದುದೇ 'ಚೂನ್ಯೋ', ಬೆಂಡಿನಂತೆ ಹಗುರ, ಕಲ್ಲಿನಂತೆ ಗಟ್ಟಿ. ಸರಿಯಾಗಿ ಇಟ್ಟರೆ ವರ್ಷಗಟ್ಟಲೆ ಕೆಡದು. ಇಂಕಾ ದೊರೆಗಳ ಕಣಜಗಳಲ್ಲಿ ಬರಗಾಲಕ್ಕೂ ದಂಡಿಗೂ ಇದನ್ನು ತುಂಬಿಡುತ್ತಿದ್ದರು. ಇಂದು ಕಾರ್ಖಾನೆಗಳಲ್ಲಿ ಹೆಪ್ಪುಗಟ್ಟಿಸಿ ಒಣಗಿಸುವ ಕಾಫಿಪುಡಿಯನ್ನು ಹೊಸ ಯುಗದ ವಿಸ್ಮಯವೆನ್ನುವವರು ಈ ತುಳಿತವನ್ನು ಒಮ್ಮೆ ನೆನೆಯಬೇಕು.

ಇದಕ್ಕಿಂತಲೂ ವಿಚಿತ್ರವಾದ ಉಪಾಯ ಇನ್ನೊಂದಿದೆ. ಟಿಟಿಕಾಕ ಸರೋವರದ ಸುತ್ತಿನ ಜನ ಕಹಿ ಗೆಡ್ಡೆಯನ್ನು 'ಚಾಕೊ' ಎಂಬ ಜೇಡಿಮಣ್ಣಿನ ಗೊಜ್ಜಿನಲ್ಲಿ ಅದ್ದಿ ತಿನ್ನುತ್ತಾರೆ. ಮಣ್ಣು ತಿನ್ನುವುದು ಅಜ್ಞಾನವೆಂದು ಹೊರಗಿನವರು ನಕ್ಕಿದ್ದುಂಟು. ಸಸ್ಯವಿಜ್ಞಾನಿ ಟಿಮೊಥಿ ಜಾನ್ಸ್ ೧೯೮೦ರ ದಶಕದಲ್ಲಿ ಇದನ್ನು ಪರೀಕ್ಷಿಸಿದರು. ಜೇಡಿಯ ಕಣಗಳು ಅತಿ ತೆಳುವಾದ ಪದರಗಳು. ಚಿಟಿಕೆ ಮಣ್ಣಿನಲ್ಲಿ ಅಂಗಳದಷ್ಟು ಮೇಲ್ಮೈ ಅಡಗಿರುತ್ತದೆ. ಗೆಡ್ಡೆಯ ವಿಷದ ಅಣುಗಳು ಆ ಮೇಲ್ಮೈಗೆ ಅಂಟಿಕೊಂಡು, ರಕ್ತಕ್ಕೆ ಸೇರದೆ ದೇಹದಿಂದ ಹೊರಹೋಗುತ್ತವೆ. ನಕ್ಕವರಿಗೆ ಗೊತ್ತಿಲ್ಲದ ರಸಾಯನಶಾಸ್ತ್ರ ಆ ಗೊಜ್ಜಿನಲ್ಲಿತ್ತು. ಮಾರ್ಟಿನೆಸ್ ಅವರ ಅಡಿಗೆಯಲ್ಲಿ ಈ ಜೇಡಿಯೂ ಸ್ಥಾನ ಪಡೆದಿದೆ. ಎತ್ತರದ ಕೊಳಗಳಲ್ಲಿ ಬೆಳೆಯುವ 'ಕುಷೂರೊ' ಎಂಬ ಹಸುರು ಗುಳಿಗೆಗಳೂ ಸ್ಥಾನ ಪಡೆದಿವೆ. ಕುಷೂರೊ ನಾಸ್ಟಾಕ್ ಎಂಬ ಸೂಕ್ಷ್ಮಜೀವಿಗಳ ಗುಂಪು. ಅದರ ದಾಯಾದಿಗಳು ನಮ್ಮ ಭತ್ತದ ಗದ್ದೆಗಳ ನೀರಿನಲ್ಲಿ ಗಾಳಿಯ ಸಾರಜನಕವನ್ನು ಹಿಡಿದು ಪೈರಿಗೆ ಕೊಡುವ ಪುಣ್ಯದ ಕೆಲಸವನ್ನು ಮಾಡುತ್ತಿವೆ.

ಇಷ್ಟೆಲ್ಲ ಆದ ಮೇಲೆ ಒಂದು ಪ್ರಶ್ನೆಯನ್ನು ಕೇಳಲೇಬೇಕು. ಬೆಟ್ಟದ ಪದಾರ್ಥ ಮಹಾನಗರದ ತಟ್ಟೆಗೆ ಏರಿದಾಗ ಬೆಟ್ಟದವನಿಗೆ ಏನಾಗುತ್ತದೆ? ಕೀನ್ವಾದ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. ಕೀನ್ವಾ ಕಾಳಿನ ಹೊರಪದರದಲ್ಲಿ ಸಪೊನಿನ್ ಎಂಬ ಕಹಿವಸ್ತುವಿದೆ; ಅಂಟುವಾಳದ ಕಾಯಿ ನೊರೆಗರೆಯುವುದೂ ಇಂಥ ವಸ್ತುವಿನಿಂದಲೇ. ಹಕ್ಕಿಗಳು ಹತ್ತಿರ ಸುಳಿಯದಿರಲು ಈ ಕಹಿ ನೆರವಾಗುತ್ತದೆ. ನೊರೆ ಹೋಗುವವರೆಗೆ ತೊಳೆದರೆ ಕಾಳು ರುಚಿಕರ. ಅದರ ಪ್ರೋಟೀನಿನಲ್ಲಿ ಅಕ್ಕಿ ಗೋಧಿಗಳಲ್ಲಿ ಕೊರತೆಯಾಗಿರುವ ಲೈಸಿನ್ ಸಾಕಷ್ಟಿದೆ. ಈ ಗುಣಗಳನ್ನು ಉತ್ತರದ ಸಿರಿವಂತ ದೇಶಗಳು ಅರಿತ ಮೇಲೆ, ೨೦೦೬ರಿಂದ ೨೦೧೩ರವರೆಗೆ ಅದರ ಬೆಲೆ ಸುಮಾರು ಮೂರು ಪಟ್ಟಾಯಿತು. ೨೦೧೩ನ್ನು ವಿಶ್ವಸಂಸ್ಥೆ ಕೀನ್ವಾ ವರ್ಷವೆಂದು ಆಚರಿಸಿತು. ಬಡ ರೈತರ ಕೈಯಲ್ಲಿ ಕಾಸು ಓಡಾಡಿತೆಂಬುದು ನಿಜ. ಬೊಲಿವಿಯದ ಒಣ ಪ್ರಸ್ಥಭೂಮಿಯಲ್ಲಿ ಲಾಮಾಗಳು ಮೇಯುತ್ತಿದ್ದ ಹುಲ್ಲುಗಾವಲುಗಳನ್ನು ಉತ್ತು ಕೀನ್ವಾ ಬಿತ್ತಿದರೆಂಬುದೂ ನಿಜ. ಗೊಬ್ಬರಕ್ಕೆ ಲಾಮಾ ಬೇಕು. ಲಾಮಾಕ್ಕೆ ಹುಲ್ಲು ಬೇಕು. ಅಷ್ಟರಲ್ಲಿ ಪೆರುವಿನ ಕಡಲತೀರದ ನೀರಾವರಿ ಜಮೀನುಗಳಲ್ಲಿಯೂ ಕೀನ್ವಾ ಬಂತು. ೨೦೧೪ರ ಅನಂತರ ಬೆಲೆ ಅರ್ಧಕ್ಕಿಂತಲೂ ಕೆಳಗೆ ಕುಸಿಯಿತು. ಸಾವಿರಾರು ಬಗೆಗಳುಳ್ಳ ಬೆಳೆಯಾದರೂ ಪೇಟೆ ಕೇಳಿದ್ದು ದಪ್ಪ ಬಿಳಿಯ ಕಾಳಿನ ಕೆಲವೇ ಬಗೆಗಳನ್ನು. ಉಳಿದವನ್ನು ಬೆಳೆಯಲು ರೈತನಿಗೆ ಕಾರಣವೇ ಇಲ್ಲದಂತಾಯಿತು. ೨೦೨೩ರಲ್ಲಿ ಸಿರಿಧಾನ್ಯಗಳ ವರ್ಷವನ್ನು ಆಚರಿಸಿದ ನಾವೂ ಈ ಕಥೆಯನ್ನು ಓದಿಕೊಳ್ಳುವುದು ಒಳ್ಳೆಯದು.

ಮಾರ್ಟಿನೆಸ್ ಬಳಗದವರು ಇದನ್ನು ಗಮನಿಸಿದಂತೆ ತೋರುತ್ತದೆ. ೨೦೧೮ರಲ್ಲಿ ಅವರು ಕೂಸ್ಕೊ ನಗರದ ಬಳಿ, ಸುಮಾರು ೩,೫೦೦ ಮೀಟರು ಎತ್ತರದಲ್ಲಿ, 'ಮಿಲ್' ಎಂಬ ಭೋಜನಶಾಲೆಯನ್ನು ತೆರೆದರು. ಅದರ ಪಕ್ಕದಲ್ಲಿಯೇ ಮೊರಾಯ್ ಎಂಬ ಇಂಕಾ ಕಾಲದ ಸ್ಥಳವಿದೆ: ನೆಲದೊಳಕ್ಕೆ ಬಟ್ಟಲಿನಂತೆ ಇಳಿಯುವ ವರ್ತುಲಾಕಾರದ ಮೆಟ್ಟಿಲುಗದ್ದೆಗಳು. ಮೆಟ್ಟಿಲಿನಿಂದ ಮೆಟ್ಟಿಲಿಗೆ ಉಷ್ಣತೆ ಬದಲಾಗುವುದರಿಂದ ಅದು ಬೆಳೆಗಳ ಪ್ರಯೋಗಶಾಲೆಯಾಗಿದ್ದಿರಬೇಕೆಂದು ಕೆಲವು ವಿದ್ವಾಂಸರು ಊಹಿಸಿದ್ದಾರೆ. ನೆರೆಯ ಎರಡು ಹಳ್ಳಿಗಳ ಜನರೊಡನೆ ಕೂಡಿ ಉಳುವುದು, ಬಂದ ಬೆಳೆಯನ್ನು ಹಂಚಿಕೊಳ್ಳುವುದು ಅಲ್ಲಿಯ ಏರ್ಪಾಡು. ಪೇಟೆಗೆ ಬೇಡವಾದ ತಳಿಗಳನ್ನೂ ಅಲ್ಲಿ ನೆಡುತ್ತಾರೆ. ಅಪರೂಪದ ಗೆಡ್ಡೆಯನ್ನೇ ಅರಸಿಕೊಂಡು ಬರುವ ಅತಿಥಿಯೊಬ್ಬನಿದ್ದರೆ ಅದನ್ನು ಬೆಳೆಯುವವನಿಗೆ ಆಸರೆಯುಂಟು. ಅಂಥ ಒಂದು ಊಟದ ಬೆಲೆ ಅದನ್ನು ಬೆಳೆದವನ ಕೈಗೆ ಎಟುಕುವಂಥದಲ್ಲವೆಂಬುದನ್ನೂ ಹೇಳದೆ ಬಿಡಲಾಗದು. ೨೦೨೩ರಲ್ಲಿ ಜಗತ್ತಿನ ಐವತ್ತು ಶ್ರೇಷ್ಠ ಭೋಜನಶಾಲೆಗಳ ಪಟ್ಟಿಯಲ್ಲಿ ಸೆಂಟ್ರಾಲ್ ಮೊದಲನೆಯದಾಯಿತು. ದಕ್ಷಿಣ ಅಮೆರಿಕಕ್ಕೆ ಆ ಸ್ಥಾನ ದೊರೆತುದು ಅದೇ ಮೊದಲು. ೨೦೨೫ರಲ್ಲಿ ಜಪಾನೀ ಸಂತತಿಯ ಮಿಟ್ಸುಹಾರು ಟ್ಸುಮುರಾ ಅವರ 'ಮಾಯ್ಡೊ' ಅದೇ ಸ್ಥಾನಕ್ಕೆ ಬಂತು. ಅದೂ ಲೀಮಾದ್ದೇ.

ಕೂಸ್ಕೊ ನಗರದಿಂದ ಅಷ್ಟೇನೂ ದೂರವಿಲ್ಲದ ಪಿಸಾಕ್ ಎಂಬಲ್ಲಿ ಕೆಚುವಾ ಜನರ ಕೆಲವು ಹಳ್ಳಿಗಳು ಒಟ್ಟುಗೂಡಿ 'ಆಲೂಗೆಡ್ಡೆ ವನ'ವನ್ನು ಮಾಡಿಕೊಂಡಿವೆ. ತಮ್ಮ ಹೊಲಗಳಿಂದ ಮರೆಯಾಗಿದ್ದ ತಳಿಗಳನ್ನು ೨೦೦೪ರ ಒಪ್ಪಂದದಂತೆ ಅವರು ಆಲೂಗೆಡ್ಡೆ ಕೇಂದ್ರದಿಂದ ಮರಳಿ ಪಡೆದರು. ತಮ್ಮ ಬೀಜಗಳನ್ನು ಉತ್ತರಧ್ರುವದ ಬಳಿಯ ಸ್ವಾಲ್‌ಬಾರ್ಡ್ ದ್ವೀಪದ ಹಿಮದಡಿಯ ಉಗ್ರಾಣದಲ್ಲಿಯೂ ಇರಿಸಿದ್ದಾರೆ. ಅಲ್ಲಿನ ರೈತರು ಹೇಳುವಂತೆ ತಾತಂದಿರು ಆಲೂಗೆಡ್ಡೆ ನೆಡುತ್ತಿದ್ದ ಹೊಲಗಳು ಈಗ ಅದಕ್ಕೆ ತಕ್ಕಷ್ಟು ತಂಪಾಗಿಲ್ಲ. ಹುಳುಗಳೂ ರೋಗಗಳೂ ಮೇಲಕ್ಕೆ ಏರಿ ಬಂದಿವೆ. ಅವರೂ ಬೆಳೆಯನ್ನು ಮೇಲಕ್ಕೆ, ಇನ್ನೂ ಮೇಲಕ್ಕೆ ಒಯ್ಯುತ್ತಿದ್ದಾರೆ. ಆದರೆ ಬೆಟ್ಟಕ್ಕೆ ತುದಿಯೆಂಬುದು ಇದೆ. ಚೂನ್ಯೋ ಮಾಡುವವರ ಚಿಂತೆ ಮತ್ತೊಂದು ಬಗೆಯದು. ಅವರಿಗೆ ಜೂನಿನಲ್ಲಿ ಸತತವಾಗಿ ಕೆಲವು ರಾತ್ರಿ ಮೋಡವಿಲ್ಲದ ಆಕಾಶವೂ ಕಡುಚಳಿಯೂ ಬೇಕು. ಒಂದು ರಾತ್ರಿ ಬೆಚ್ಚಗಾಗಿ ಗೆಡ್ಡೆ ಹೆಪ್ಪುಗಟ್ಟದೆ ಹೋದರೆ, ಬಯಲಿನಲ್ಲಿ ಹರಡಿದ ರಾಶಿ ಬೆಳಗಿನ ಬಿಸಿಲಿಗೆ ಕೊಳೆಯಲು ತೊಡಗುತ್ತದೆ.